ಹೂವೆಂದು ಓದಿದ್ದು

ವಿದ್ಯಾರಣ್ಯಪುರಂನ ನಮ್ಮ ಮನೆಯ ಎದುರು ಹಳೆಯ ಕಟ್ಟಡವೊಂದನ್ನು ಕೆಡವುತ್ತಿದ್ದಾರೆ. ಮೊನ್ನೆ ಬೆಳಗ್ಗೆ ಗಾರೆ ಉದುರಿದ ಸದ್ದು ಕೇಳಿ, ಕಾಫಿ ಲೋಟವನ್ನು ಅಲ್ಲೇ ಕುಕ್ಕಿ ಕಿಟಕಿಗೆ ಓಡಿದೆ. ಮೇಲಿನ ಅಂತಸ್ತಿನ ಸಜ್ಜಾದ ಮೇಲೆ, ಅಂದರೆ ಕಿಟಕಿಯ ನೆತ್ತಿಗೆ ಬಿಸಿಲುಮಳೆ ತಾಗದಂತೆ ಗೋಡೆಯಿಂದ ಚಾಚುವ ಆ ಸಿಮೆಂಟಿನ ಪಟ್ಟಿಯ ಮೇಲೆ, ಕೆಲಸದ ಆಳೊಬ್ಬ ನಿಂತಿದ್ದ. ನನಗೇ ತಿಳಿಯದಂತೆ ಗಂಟಲು ಹರಿಯುವ ಹಾಗೆ ಕೂಗಿಬಿಟ್ಟೆ: "ಕೂತ್ಕೊಳ್ಳಿ! ಕೂತ್ಕೊಳ್ಳಿ!"

ಆತ ಗಾಬರಿಯಿಂದ ನನ್ನನ್ನು ನೋಡಿದ. ಯಾರೋ ದೊಡ್ಡವರ ಮನೆಯ ಹೆಂಗಸು ಬಹುವಚನದಲ್ಲಿ ಹೇಳುತ್ತಿದ್ದಾಳಲ್ಲ ಎಂದೋ ಏನೋ, ಕೂತೇಬಿಟ್ಟ. ಆಮೇಲೆ ಕೇಳಿದ: "ಯಾಕಮ್ಮಾ?"

ಯಾಕೆ ಎಂದು ಹೇಳಲು ನಾನು ತೊಂಬತ್ತರ ದಶಕದ ಕೊನೆಗೆ, ಯಾದವಗಿರಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗಬೇಕು.

ಎರಡನೇ ಪಿ.ಯು.ಸಿ. ಆಗ ನಮಗೆ. ಹಾಸ್ಟೆಲಿನಲ್ಲಿ ಒಂದೇ ಹೆಸರಿನವರು ಮೂರು ಮೂರು, ನಾಲ್ಕು ನಾಲ್ಕು ಮಂದಿ ಇದ್ದುದರಿಂದ ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದೆವು. ನಾನು ಕೊಳ್ಳೇಗಾಲ. ನನ್ನ ಕೋಣೆಯಲ್ಲಿ ಇನ್ನಿಬ್ಬರು: ಬನ್ನೂರು, ಹುಣಸೂರು. ಬನ್ನೂರು ಬೇಸಾಯದ ಮನೆಯ ಹುಡುಗಿ. ಮರ ಹತ್ತಿ, ನಾಲೆಯಲ್ಲಿ ಈಜಿ ಬೆಳೆದವಳು. ಹೆದರಿಕೆ ಎಂಬ ಪದವನ್ನು ಅವಳು ಹೇಳುವಾಗ ಅದರ ಹಕಾರ ಮಾತ್ರವಲ್ಲ, ಹೆದರಿಕೆಯೇ ಬಿದ್ದುಹೋಗುತ್ತಿತ್ತು. ಹುಣಸೂರು ಅಂಗಡಿಯವರ ಮಗಳು. ಹಣೆಗೆ ವಿಭೂತಿ ಇಡದೆ ಬಾತ್‌ರೂಮಿನಿಂದ ಹೊರಗೆ ಬರುತ್ತಿರಲಿಲ್ಲ. ಯಾರು ಬಂದರೂ ಮೊದಲು ಕೂರಿಸಿ, ತಿನ್ನಲು ಏನಾದರೂ ಕೊಟ್ಟು, ಆಮೇಲೆಯೇ ಯಾರೆಂದು ಕೇಳುವ ಜಾಯಮಾನದವಳು.

ಹಾಸ್ಟೆಲಿನ ಹಿಂದೆ ಒಂದು ಬಂಗಲೆ. ಅದರ ಮಹಡಿಯ ಕೋಣೆಯನ್ನು ಯೋಗ ಕಲಿಯಲು ಬಂದ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತಿದ್ದರು. ಆ ವರ್ಷ ಬಂದವಳು ಜಪಾನಿನವಳು. ಇಪ್ಪತ್ತೈದು ವರ್ಷವಿರಬೇಕು. ನಾವು ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಕಾಂಪೌಂಡ್ ಗೋಡೆ ಎದೆಮಟ್ಟವಷ್ಟೇ ಇತ್ತು; ಭಾನುವಾರ ಅವಳು ಆ ಕಡೆ, ನಾವು ಈ ಕಡೆ. ನಮ್ಮ ಇಂಗ್ಲಿಷೂ ಅವಳ ಇಂಗ್ಲಿಷೂ ಸರಿಸಮ ಮುರುಕಲಾಗಿದ್ದುದರಿಂದ ನಾಚಿಕೆ ಇರಲಿಲ್ಲ. ನಾವು ಅವಳನ್ನು ಜಪಾನ್ ಅಕ್ಕ ಎಂದೇ ಕರೆದೆವು. ಅವಳಿಗೆ ಕನ್ನಡ ಕಲಿಯಬೇಕಿತ್ತು. ಪಾಠದ ಜವಾಬ್ದಾರಿಯನ್ನು ಹುಣಸೂರು ವಹಿಸಿಕೊಂಡಳು.

"ಮೊದ್ಲು 'ನಿಲ್ಲು', 'ಹೋಗು', 'ಬಾ' ಹೇಳ್ಕೊಡೆ. ಆಟೋದಲ್ಲಿ ಬೇಕಾಗುತ್ತೆ" ಅಂದೆ ನಾನು.

"ಥೂ, ಮರ್ಯಾದೆ ಇಲ್ದೆ ನಿಲ್ಲು ಗಿಲ್ಲು ಅಂತ ಯಾರಾದ್ರೂ ಹೇಳ್ಕೊಡ್ತಾರೇನೆ? ಮನೆಗೆ ಬಂದೋರಿಗೆ ಏನು ಹೇಳ್ತೀವೋ ಅದು ಮೊದ್ಲು" ಎಂದಳು ಹುಣಸೂರು.

ಹಾಗಾಗಿ ಜಪಾನ್ ಅಕ್ಕನ ಕನ್ನಡವೆಲ್ಲ ಉಪಚಾರದ ಕನ್ನಡ. ಬನ್ನಿ. ಕೂತ್ಕೊಳ್ಳಿ. ಕಾಫಿ ಕುಡೀರಿ. ಊಟ ಆಯ್ತಾ. ಇಷ್ಟೇ. ಗೋಡೆಯಾಚೆಯಿಂದ, ಎರಡೂ ಕೈ ತೊಡೆಗೆ ಅಂಟಿಸಿ ಬಗ್ಗಿ, ನಮ್ಮ ವಾರ್ಡನ್ ಮೇಡಂಗೆ "ಕೂತ್ಕೊಳ್ಳಿ, ಕಾಫಿ ಕುಡೀರಿ" ಎಂದಿದ್ದಳು. ಮೇಡಂ ಆಗ ಬಕೆಟ್ ಹಿಡಿದು ನಿಂತಿದ್ದರು.

ಅಕ್ಕ ಊರು ನೋಡಲು ಒಂದು ತಿಂಗಳು ಉತ್ತರದ ಕಡೆ ಹೊರಟಾಗ ನಮಗೆ ಒಂದು ಪುಸ್ತಕ ಕೊಟ್ಟಳು. ಅಂಗೈಗಿಂತ ಸ್ವಲ್ಪ ದೊಡ್ಡದು, ದಪ್ಪ, ಒಳಗೆಲ್ಲ ಕಪ್ಪುಬಿಳುಪು ಚಿತ್ರಗಳು. ಜಪಾನಿನ ಹುಡುಗಿಯರು ಓದುವ ಚಿತ್ರಕಥೆ. ಕೋಣೆಗೆ ತಂದು ಮಂಚದ ಮೇಲೆ ತೆರೆದದ್ದೇ ತಡ, ಮೂವರೂ ಕಿರುಚಿಕೊಂಡೆವು.

ಅದು ಹಾಸ್ಟೆಲ್! ಸಾಲು ಮಂಚಗಳು. ಸ್ನಾನಕ್ಕೆ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತ ಕ್ಯೂ. ಕನ್ನಡಕದ ವಾರ್ಡನ್. ಊಟದ ಮನೆಯಲ್ಲಿ ಪಕ್ಕದವಳ ತಟ್ಟೆಯಿಂದ ಕದಿಯುವ ಕೈ. ನಿಂಬೆಹಣ್ಣಿನಷ್ಟು ದೊಡ್ಡ ಕಣ್ಣಿನ ಒಬ್ಬ ಹುಡುಗಿ, ಮುಖದ ಅರ್ಧಕ್ಕೆ ಕೂದಲು ಬಿಟ್ಟುಕೊಂಡ ಒಬ್ಬ ಹುಡುಗ.

"ಒಂದೇ ಕಾಂಪೌಂಡಲ್ಲಿ ಗಂಡೈಕ್ಳೂ ಎಣ್ಣೈಕ್ಳೂ!" ಬನ್ನೂರು ಎದೆ ಹಿಡಿದುಕೊಂಡಳು. "ನಾವು ಉಟ್ಟಿದ್ದೇ ತಪ್ಪು ಜಾಗ ಕಣ್ರೇ!"

ಎಲ್ಲ ಪುಸ್ತಕ ತೆರೆಯುವ ಹಾಗೆಯೇ ನಾವು ಅದನ್ನೂ ತೆರೆದಿದ್ದೆವು: ಬೆನ್ನು ಎಡಕ್ಕೆ, ರಟ್ಟು ಬಲಗೈಯಲ್ಲಿ. ಮೊದಲ ಪುಟದಲ್ಲೇ ಹುಡುಗ ಹುಡುಗಿ ಒಂದು ಮರದ ಕೆಳಗೆ ತಬ್ಬಿ ನಿಂತಿದ್ದರು. ಮೇಲಿಂದ ಹೂವಿನ ಎಸಳುಗಳು ಸುರಿಯುತ್ತಿದ್ದವು.

"ಸುರುವಿಗೇ ಎಲ್ಲಾ ಮುಗಿಸ್ಬುಟ್ರಲ್ಲೇ! ಇನ್ನು ಇಷ್ಟು ದಪ್ಪ ಪುಸ್ತಕದಾಗೆ ಏನ್ ಮಾಡ್ತಾರೆ?" ಎಂದಳು ಬನ್ನೂರು. ಆ ಮಾತು ಅಲ್ಲಿಗೇ ನಮ್ಮನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಒಂದಕ್ಷರ ಓದಲು ಬಾರದು. ಆದರೆ ಪ್ರತಿ ಚಿತ್ರದಲ್ಲೂ ಮಾತಿನ ಗುಳ್ಳೆಗಳು. ಕಥೆ ಕಟ್ಟುವ ಹುಚ್ಚು ನನಗೆ. ಪೆನ್ಸಿಲ್ ತೆಗೆದುಕೊಂಡೆ. ಚಿತ್ರ ನೋಡಿ ಏನಾಗಿರಬಹುದೆಂದು ಮೂವರೂ ಜಗಳವಾಡಿ ತೀರ್ಮಾನಿಸುವುದು, ನಾನು ಗುಳ್ಳೆಯ ಖಾಲಿ ಅಂಚಿನಲ್ಲಿ ಕನ್ನಡದಲ್ಲಿ ಬರೆಯುವುದು. ಗುಳ್ಳೆಗಳು ಉದ್ದುದ್ದ, ತೆಳು. ಅವರ ಬರಹ ಮೇಲಿಂದ ಕೆಳಕ್ಕೆ. ಹಾಗಾಗಿ "ನಿನ್ನನ್ನು" ಎಂದು ಬರೆಯಲು ಮೂರು ಮೆಟ್ಟಿಲು ಇಳಿಯಬೇಕಿತ್ತು. ನಿ, ಅದರ ಕೆಳಗೆ ನ್ನ, ಅದರ ಕೆಳಗೆ ನ್ನು. ಒತ್ತಕ್ಷರಗಳು ಒಂದರ ತಲೆ ಮೇಲೊಂದು ಕೂತು ಒದ್ದಾಡುತ್ತಿದ್ದವು. ಹತ್ತು ದಿನದಲ್ಲಿ ಪುಸ್ತಕ ಮುಗಿಯಿತು. ಹನ್ನೊಂದನೆಯ ದಿನದಿಂದ ಇಡೀ ಹಾಸ್ಟೆಲ್ ನಮ್ಮ ಬಾಗಿಲಲ್ಲಿ. ಒಂದು ಕೋಣೆಗೆ ಒಂದು ದಿನ ಎಂದು ಸರದಿ ಮಾಡಿದೆವು. ಯಾರೋ ತಲೆ ಬಾಚುತ್ತ ನನ್ನ ಸಾಲುಗಳನ್ನು ಹೇಳಿಕೊಳ್ಳುವುದು ಕೇಳಿಸಿದರೆ ನನಗೆ ನೆಲ ಕಾಣುತ್ತಿರಲಿಲ್ಲ.

ಕಥೆ ದುಃಖದ್ದು. ತಬ್ಬಿಕೊಂಡು ಶುರುವಾದವರು ಬರಬರುತ್ತ ದೂರವಾಗುತ್ತಾರೆ. ಮಾತು ಕಡಿಮೆಯಾಗುತ್ತದೆ, ಕಣ್ಣು ತಪ್ಪಿಸುತ್ತಾರೆ, ಜಗಳವಾಡುತ್ತಾರೆ. ಕೊನೆಯ ಪುಟದಲ್ಲಿ ಹಾಸ್ಟೆಲಿನ ಗೇಟಿನ ಬಳಿ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಸೂಟ್‌ಕೇಸ್. ಒಬ್ಬರನ್ನೊಬ್ಬರು ಗುರುತೇ ಇಲ್ಲದವರಂತೆ ನೋಡುತ್ತಾರೆ. ನಾನು ಅಲ್ಲಿ ಬರೆದದ್ದು: "ನೀವು ಯಾರೋ, ನಾನು ಯಾರೋ." ಹುಣಸೂರು ಎರಡು ದಿನ ಅತ್ತಳು. ಮೂಲೆ ಕೋಣೆಯ ಮಂಡ್ಯದವಳು ಸಾರು ಬಡಿಸಿಕೊಳ್ಳುವಾಗ ನೆನೆಸಿಕೊಂಡು ಬಿಕ್ಕಿದಳು.

ನಡುವೆ ಒಂದು ದೃಶ್ಯವಿತ್ತು. ಎಲ್ಲರೂ ಮತ್ತೆ ಮತ್ತೆ ತೆರೆಯುತ್ತಿದ್ದುದು ಅದನ್ನೇ. ಹುಡುಗ ತನ್ನ ಕಿಟಕಿಯಿಂದ ಬಗ್ಗಿ ಹುಡುಗಿಯ ಮಣಿಕಟ್ಟು ಹಿಡಿದಿದ್ದಾನೆ; ಅವಳ ಕೆನ್ನೆ ಒದ್ದೆ. ಮುಂದಿನ ಚಿತ್ರದಲ್ಲಿ ಅವಳು ಹೊರಗಿನ ಸಜ್ಜಾಕ್ಕೆ ಎರಡು ಕೈಯಲ್ಲಿ ಜೋತುಬಿದ್ದಿದ್ದಾಳೆ. ಅದರ ಮುಂದೆ ಸಜ್ಜಾದ ಮೇಲೆ ನಿಂತಿದ್ದಾಳೆ, ಸುತ್ತಲೂ ಹೂವಿನ ಎಸಳುಗಳು ಚಿಮ್ಮುತ್ತಿವೆ. ಹುಡುಗ ಕಿಟಕಿಯಿಂದ ಬಾಯಿ ತೆರೆದು ಏನೋ ಕೂಗುತ್ತಿದ್ದಾನೆ. ಆಮೇಲೆ ಗೋಡೆ ಸವರಿಕೊಂಡು ನಡೆಯುತ್ತಾಳೆ. ಕೊನೆಗೆ ಒಂದು ಕಾಲು ತನ್ನ ಕೋಣೆಯ ಕಿಟಕಿಯೊಳಗೆ, ಆಮೇಲೆ ಮಂಚದ ಮೇಲೆ ನಗುತ್ತ ಕೂತಿದ್ದಾಳೆ. ನಮಗೆ ಎಲ್ಲವೂ ಸ್ಪಷ್ಟ. ಅವನನ್ನು ಕದ್ದು ನೋಡಲು ಹೋಗಿದ್ದವಳನ್ನು ಅವನು ಕೈಹಿಡಿದು ಕಿಟಕಿಯಿಂದ ಇಳಿಸುತ್ತಾನೆ; ಇವಳು ಸರ್ಕಸ್ಸಿನವಳ ಹಾಗೆ ಜೋತು, ಮೇಲೆದ್ದು, ಸಜ್ಜಾದ ಮೇಲೆ ನಡೆದು ತನ್ನ ಕೋಣೆ ಸೇರುತ್ತಾಳೆ. ಅವನು ಕೂಗುವ ದೊಡ್ಡ ಗುಳ್ಳೆಯಲ್ಲಿ ನಾನು ಬರೆದೆ: "ಎದೆಗುಂದದೆ ನಡೆ, ನಿನಗೆ ಏನೂ ಆಗುವುದಿಲ್ಲ."

ಆ ಸಾಲಿಗೆ ಬಹಳ ಮೆಚ್ಚುಗೆ ಸಿಕ್ಕಿತ್ತು.

ಅದೇ ಹೊತ್ತಿಗೆ ಬನ್ನೂರಿಗೆ ಒಂದು ಪತ್ರ ಬಂದಿತು. ಅವಳ ಕೆಮಿಸ್ಟ್ರಿ ಲ್ಯಾಬಿನ ಎದುರು ಮೇಜಿನ ಹುಡುಗ ರೆಕಾರ್ಡ್ ಪುಸ್ತಕದಲ್ಲಿಟ್ಟು ಕೊಟ್ಟದ್ದು. ಪಾಪ, ಅವನಿಗೆ ಶಾಲೆಯಲ್ಲಿ ಕಲಿಸಿದ್ದು ರಜೆ ಅರ್ಜಿಯೊಂದೇ. ಪತ್ರ ಹಾಗೆಯೇ ಇತ್ತು: "ಇವರಿಂದ", "ಇವರಿಗೆ", ನಡುವೆ "ವಿಷಯ: ತಮ್ಮೊಡನೆ ಮಾತನಾಡಲು ಅನುಮತಿ ಕೋರಿ." ಒಳಗೆ, ಲ್ಯಾಬಿನಲ್ಲಿ ತಾವು ನಕ್ಕಾಗ ತನಗೆ ಪಿಪೆಟ್ಟಿನ ಅಳತೆ ತಪ್ಪುತ್ತದೆ, ಆದ್ದರಿಂದ ಒಮ್ಮೆ ಮಾತನಾಡಲು ಅವಕಾಶ ಕೊಡಬೇಕು, ಇಷ್ಟವಿಲ್ಲದಿದ್ದರೆ ಹರಿದು ಹಾಕಬಹುದು, ತಪ್ಪು ತಿಳಿಯುವುದಿಲ್ಲ ಎಂದಿತ್ತು. ಕೆಳಗೆ "ಇಂತಿ ತಮ್ಮ ವಿಧೇಯ." ಪೂರ್ತಿ ಹೆಸರು, ಸೆಕ್ಷನ್, ರೋಲ್ ನಂಬರ್.

ನಾವು ದಿಂಬು ಕಚ್ಚಿಕೊಂಡು ನಕ್ಕೆವು. ಬನ್ನೂರು ನಗಲಿಲ್ಲ. ಹರಿಯಲೂ ಇಲ್ಲ. ನಾಲ್ಕು ಮಡಿಕೆ ಮಾಡಿ ಆ ಪುಸ್ತಕದ ಕೊನೆಯ ಪುಟದಲ್ಲಿ, ಗೇಟಿನ ಚಿತ್ರದ ಹತ್ತಿರ ಇಟ್ಟಳು.

"ಉತ್ರ ಬರೀಯಲ್ವೇನೆ?" ಎಂದು ಕೇಳಿದೆ.

"ಬರ್ದು ಏನಾಗ್ಬೇಕು, ಕೊನೇಗೆ ಇಂಗೇ ತಾನೇ ಆಗೋದು?" ಎಂದು ಗೇಟಿನ ಚಿತ್ರ ತೋರಿಸಿದಳು.

ಹೀಗಿರುವಾಗ ಒಂದು ಭಾನುವಾರ. ಬೆಳಗ್ಗೆ ಹನ್ನೊಂದಕ್ಕೆ ಮೇಡಂ ಎಲ್ಲ ಕೋಣೆ ತಪಾಸಣೆ ಮಾಡಿದರು. ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ಕಾದಂಬರಿಗಳು. ಅವುಗಳ ಜತೆ ನಮ್ಮ ದಿಂಬಿನ ಕೆಳಗಿದ್ದ ಪುಸ್ತಕವೂ ಬುಟ್ಟಿಗೆ ಹೋಯಿತು. ಎಲ್ಲವನ್ನೂ ನಮ್ಮ ಮಹಡಿಯ ತುದಿಯಲ್ಲಿದ್ದ ಟ್ರಂಕ್ ರೂಮಿನಲ್ಲಿಟ್ಟು ಬೀಗ ಹಾಕಿದರು. ಹುಡುಗಿಯರ ಟ್ರಂಕುಗಳನ್ನು ಪೇರಿಸಿಡುವ ಕೋಣೆ ಅದು.

"ನಾಲ್ಕು ಗಂಟೆಗೆ ಕಮಿಟಿ ಹೆಂಗಸ್ರು ಬರ್ತಾರೆ. ಒಂದೊಂದಾಗಿ ಅವ್ರ ಮುಂದೆ ಬಿಚ್ಚಿ ತೋರಿಸ್ತೀನಿ. ಆಮೇಲೆ ನೀವುಂಟು, ಅವರುಂಟು" ಎಂದು ಹೇಳಿ ಊಟ ಮಾಡಿ ಮಲಗಿದರು.

ಪತ್ರ ಪುಸ್ತಕದೊಳಗೇ ಇತ್ತು. ಹಿಂದಿನ ವರ್ಷ ಒಬ್ಬಳ ಪೆಟ್ಟಿಗೆಯಲ್ಲಿ ಒಂದು ಗ್ರೀಟಿಂಗ್ ಕಾರ್ಡ್ ಸಿಕ್ಕಿದ್ದಕ್ಕೆ ಕಮಿಟಿಯವರು ಅವಳ ಅಪ್ಪನನ್ನು ಕರೆಸಿ ಅಂದೇ ಟ್ರಂಕಿನ ಸಮೇತ ಕಳಿಸಿದ್ದರು. ಅದರಲ್ಲಿ ಹೆಸರು ಕೂಡ ಇರಲಿಲ್ಲ. ಇದರಲ್ಲಿ ರೋಲ್ ನಂಬರ್ ಇತ್ತು. ಹಾಸ್ಟೆಲ್ ತಪ್ಪಿದರೆ ಬನ್ನೂರಿಗೆ ಕಾಲೇಜು ತಪ್ಪಿದಂತೆಯೇ. ಮನೆಯಲ್ಲಿ ಅವಳ ಓದಿಗೆ ಒಪ್ಪಿಸಲು ಅವಳ ಅಜ್ಜಿ ಮೂರು ದಿನ ಊಟ ಬಿಟ್ಟಿದ್ದರಂತೆ.

ಎರಡೂವರೆ ಗಂಟೆ. ಹಾಸ್ಟೆಲ್ ಪೂರ್ತಿ ನಿದ್ದೆ ಮಾಡುತ್ತಿತ್ತು. ಬನ್ನೂರು ನಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. ಕಟ್ಟಡಕ್ಕೆ ಮೂರು ಅಂತಸ್ತು, ನಾವು ಮೇಲಿನದರಲ್ಲಿ. ಅಷ್ಟು ಎತ್ತರದಲ್ಲಿ ಕಂಬಿ ಯಾಕೆಂದು ಕಿಟಕಿಗಳಿಗೆ ಬರೀ ಮರದ ಬಾಗಿಲು. ಕೆಳಗಿನ ಅಂತಸ್ತಿನ ಕಿಟಕಿಗಳ ಸಜ್ಜಾ ನಮ್ಮ ಕಿಟಕಿಯಿಂದ ಒಂದಾಳು ಇಳಿಯುವಷ್ಟು ಕೆಳಗೆ, ಒಂದೂವರೆ ಅಡಿ ಅಗಲಕ್ಕೆ, ಟ್ರಂಕ್ ರೂಮಿನ ಕಿಟಕಿಯವರೆಗೂ ಹೋಗಿತ್ತು. ಆ ಕಿಟಕಿ ಗಾಳಿಗೆಂದು ತೆರೆದಿತ್ತು.

ಅವಳು ತಿರುಗಿ ನಮ್ಮನ್ನು ನೋಡಿದಳು. ಏನು ಯೋಚಿಸಿದಳೆಂದು ಕೇಳಬೇಕಾಗಿರಲಿಲ್ಲ. ಆ ಪುಟ ಮೂವರಿಗೂ ಬಾಯಿಪಾಠ.

"ಬೇಡ ಕಣೆ" ಎಂದಳು ಹುಣಸೂರು. "ದಮ್ಮಯ್ಯ, ಬೇಡ. ಮೇಡಂ ಕಾಲು ಹಿಡ್ಕೊಳ್ಳೋಣ."

"ಮೇಡಂ ಕಾಲ್ ಇಡಿಬೌದು. ಕಮಿಟಿಯೋರ್ದು ಎಂಟು ಕಾಲು, ಯಾರ್ದು ಅಂತ ಇಡೀಲಿ?" ಲಂಗ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅದಿನೈದ್ ಎಜ್ಜೆ. ಓಗ್ಬುಟ್ಟು ಬಂದ್ಬುಡ್ತೀನಿ. ಆ ಉಡುಗಿ ಬಂದ್ಲು, ನಾನ್ ಬರಾಕಿಲ್ವಾ?"

ನನ್ನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಹೇಳಿಬಿಡುತ್ತೇನೆ: ಅದು ಹೆದರಿಕೆಯಲ್ಲ, ಖುಷಿ. ನಾನು ಬರೆದದ್ದು ನನ್ನ ಕಣ್ಣೆದುರು ನಡೆಯಲಿತ್ತು. ನಾನೇ ಅವಳ ಕೈಹಿಡಿದು ಇಳಿಸಿದೆ.

ಅವಳ ಪಾದ ಸಜ್ಜಾ ಮುಟ್ಟಿತು. ಮುಖ ಗೋಡೆಗೆ, ಕೈಗಳೆರಡೂ ಅಗಲ. ಒಂದು ಹೆಜ್ಜೆ. ಎರಡು. ನಡೆದಳು! ಬಾಳೆದಿಂಡಿನ ಮೇಲೆ ನಾಲೆ ದಾಟುವವಳ ಹಾಗೆ ಸರಾಗವಾಗಿ ನಡೆದಳು! ಬಿಸಿಲು ಅವಳ ಜಡೆಯ ಮೇಲೆ ಬಿದ್ದಿತ್ತು. ಎಂಟನೆಯ ಹೆಜ್ಜೆಯಲ್ಲಿ ನಿಂತು, ತಲೆ ಮಾತ್ರ ನಮ್ಮ ಕಡೆ ತಿರುಗಿಸಿ, ಹಲ್ಲು ಕಿರಿದು, ನನ್ನ ಗ್ರಂಥಸ್ಥ ಕನ್ನಡವನ್ನು ಅಣಕಿಸುತ್ತ ಹೇಳಿದಳು:

"ಎದೆಗುಂದದೆ ನಡೆ! ನಿನಗೆ ಏನೂ ಆಗುವುದಿಲ್ಲ! ನೀನೇ ಬರ್ದಿದ್ದೀಯಲ್ಲೇ, ಕೊಳ್ಳೇಗಾಲ!"

ನಾನು ನಕ್ಕೆ. ನನ್ನ ನಗು ಮುಗಿಯುವ ಮೊದಲೇ ಹುಣಸೂರಿನ ಉಗುರು ನನ್ನ ತೋಳಿಗೆ ನಾಟಿತು.

ಹನ್ನೆರಡನೆಯ ಹೆಜ್ಜೆ, ಅಥವಾ ಹದಿಮೂರನೆಯದು. ಅವಳ ಬಲಗಾಲಿನ ಕೆಳಗೆ ಅಂಚು ಪುಡಿಯಾಯಿತು. ದೊಡ್ಡ ಸದ್ದೇನಲ್ಲ, ಹಪ್ಪಳ ಮುರಿದಷ್ಟು. ಬಿಳಿಯ ಚೂರುಗಳು ಚಿಮ್ಮಿ ಅವಳ ಕಾಲಿನ ಸುತ್ತ ಹಾರಿದವು, ಬಿಸಿಲಿನಲ್ಲಿ ತಿರುಗುತ್ತ, ನಿಧಾನವಾಗಿ ಎಂಬಂತೆ ಇಳಿದವು. ಆ ಒಂದು ಕ್ಷಣ ನನ್ನ ತಲೆಗೆ ಹೊಳೆದದ್ದು ಒಂದೇ: ಹೂವು. ಅದೇ ಹೂವು.

ಅವಳು ಹೊರಕ್ಕೆ ವಾಲಿದಳು. ಕೆಳಗೆ ಬಟ್ಟೆ ಒಗೆಯುವ ಕಲ್ಲುಗಳು, ಸಾಲಾಗಿ ಆರು. ಅವಳ ಬೆರಳುಗಳು ಬೋಳುಗೋಡೆಯನ್ನು ತಡಕಿದವು.

ಆಗ ಆ ಕೂಗು ಬಂತು.

"ಕೂತ್ಕೊಳ್ಳಿ!"

ಬಂಗಲೆಯ ತಾರಸಿಯ ಮೇಲೆ, ಚಾಪೆ ಒಣಗಿಸುತ್ತ, ಜಪಾನ್ ಅಕ್ಕ. ಅವಳು ಆ ಬೆಳಗ್ಗೆಯೇ ಪ್ರವಾಸದಿಂದ ವಾಪಸು ಬಂದಿದ್ದಳೆಂದು ನಮಗೆ ಗೊತ್ತೇ ಇರಲಿಲ್ಲ. ಅವಳ ತಾರಸಿ ನಮ್ಮ ಸಜ್ಜಾಕ್ಕಿಂತ ತಗ್ಗಿನಲ್ಲಿತ್ತು; ಮೇಲಿಂದ ನಮಗೆ ಕಾಣದ ಸಜ್ಜಾದ ಅಡಿಭಾಗ, ಅದರುದ್ದಕ್ಕೂ ಬಿಟ್ಟ ಬಿರುಕು, ಹೊರಗೆ ಕಾಣುವ ತುಕ್ಕಿನ ಕಂಬಿ, ಎಲ್ಲವೂ ಅವಳಿಗೆ ಕಾಣುತ್ತಿತ್ತು. ನಿಲ್ಲು ಎಂಬ ಪದ ಅವಳಿಗೆ ಗೊತ್ತಿರಲಿಲ್ಲ. ಹುಷಾರು ಎಂಬುದೂ ಗೊತ್ತಿರಲಿಲ್ಲ. ನಾವು ಕಲಿಸಿದ್ದರೆ ತಾನೆ? ತನ್ನ ಬಳಿ ಇದ್ದ ಕನ್ನಡವನ್ನೆಲ್ಲ ಅವಳು ಕೈಗೆ ಸಿಕ್ಕ ಹಗ್ಗದ ಹಾಗೆ ಎಸೆದಳು:

"ಕೂತ್ಕೊಳ್ಳಿ! ಕೂತ್ಕೊಳ್ಳಿ! ಕಾಫಿ ಕುಡೀರಿ! ಕೂತ್ಕೊಳ್ಳಿ!"

ಬನ್ನೂರು ಕೂತಳು. ಯೋಚಿಸಲಿಲ್ಲ. ಹೇಳಿದರು, ಕೂತಳು. ಮೊಣಕಾಲು ಮಡಿಸಿ, ಮೈಯನ್ನು ಗೋಡೆಗೆ ಉಜ್ಜುತ್ತ ಜಾರಿ, ಭುಜವನ್ನು ಗೋಡೆಗೆ ಕೊಟ್ಟು ಕುಸಿದಳು. ಅವಳು ಕೂತ ಮರುಕ್ಷಣ, ಅವಳ ಮುಂದಿನ ಹೆಜ್ಜೆ ಬೀಳಬೇಕಿದ್ದ ಜಾಗ, ಎರಡಡಿ ಉದ್ದದ ಸಿಮೆಂಟು ತುಂಡು, ಕಳಚಿ ಕೆಳಗೆ ಹೋಯಿತು. ಒಗೆಯುವ ಕಲ್ಲಿನ ಮೇಲೆ ಬಿದ್ದು ಪುಡಿಯಾಯಿತು. ಆ ಸದ್ದು ದೊಡ್ಡದಿತ್ತು.

ಈಗ ಅವಳ ಮುಂದೆ ಖಾಲಿ. ಹಿಂದೆ, ನಮ್ಮ ಕಡೆಗೆ, ಅವಳು ದಾಟಿಬಂದ ಭಾಗದಲ್ಲಿ ನಮಗೂ ಕಾಣುವಂತೆ ಬಿರುಕಿನ ಗೆರೆ ಬಿಟ್ಟಿತ್ತು. ಟ್ರಂಕ್ ರೂಮಿನ ಕಿಟಕಿ ಅವಳ ತಲೆಯ ಓರೆಗೆ. ಒಳಗಿನಿಂದ ಯಾರಾದರೂ ಬಗ್ಗಿದರೆ ಕೈಗೆ ಸಿಗುವಷ್ಟು ಹತ್ತಿರ. ಒಳಗಿನಿಂದ. ಬೀಗದ ಕೈ ಮೇಡಂ ಸೊಂಟದಲ್ಲಿ.

ನಾನು ಬಾಗಿಲಿಗೆ ತಿರುಗಿದೆ. ಬನ್ನೂರು ನನ್ನನ್ನೇ ನೋಡುತ್ತಿದ್ದಳು. ತುಟಿ ಮಾತ್ರ ಆಡಿತು. "ಕರೀಬ್ಯಾಡ ಕಣೆ."

ಮೇಡಂ ಬಂದರೆ ಪತ್ರ ಸಿಕ್ಕುತ್ತದೆ. ಬಾರದಿದ್ದರೆ ಅವಳು ಅಲ್ಲೇ.

ನಾನು ನಿಂತುಬಿಟ್ಟೆ. ಎಷ್ಟು ಹೊತ್ತು? ಮೂರು ಸೆಕೆಂಡೋ, ಐದೋ. ಈಗಲೂ ನಾನು ತಿರುಗಿ ತಿರುಗಿ ಅಲ್ಲಿಗೇ ಹೋಗಿ ನಿಲ್ಲುತ್ತೇನೆ. ನಿಂತಾಗಲೆಲ್ಲ ಆ ಸೆಕೆಂಡುಗಳು ಉದ್ದವಾಗುತ್ತವೆ. ಅವಳ ಮಾತು ಕೇಳಿ ನಿಂತೆನೆಂದು ಹೇಳಿಕೊಳ್ಳಬಹುದು. ನಿಜವೇನೆಂದರೆ, ಪುಸ್ತಕದಲ್ಲಿ ಹೀಗಿರಲಿಲ್ಲವಲ್ಲ ಎಂದು ನನಗೆ ಇನ್ನೂ ಆಶ್ಚರ್ಯವಾಗುತ್ತಿತ್ತು.

ಆಮೇಲೆ ಓಡಿದೆ. ಎರಡೆರಡು ಮೆಟ್ಟಿಲು ಹಾರಿ, ಮೇಡಂ ಕೋಣೆಯ ಬಾಗಿಲಿಗೆ ಎರಡೂ ಕೈಯಲ್ಲಿ ಗುದ್ದಿದೆ. "ಮೇಡಂ! ಸಜ್ಜಾ! ಬನ್ನೂರು ಸಜ್ಜಾದ ಮೇಲೆ!"

ಮೇಡಂ ಐವತ್ತು ದಾಟಿದವರು, ಮಂಡಿನೋವು ಬೇರೆ. ಹಾಸಿಗೆಯಿಂದ ಎದ್ದವರು ಒಂದು ಪ್ರಶ್ನೆ ಕೇಳಲಿಲ್ಲ. ಆ ಮೆಟ್ಟಿಲುಗಳನ್ನು ಅವರು ಅಂದು ಹತ್ತಿದ ಹಾಗೆ ಮತ್ತೆಂದೂ ಹತ್ತಿದ್ದನ್ನು ನಾನು ಕಾಣೆ. ಟ್ರಂಕ್ ರೂಮಿನ ಬೀಗಕ್ಕೆ ಕೀಲಿ ಸೇರಿಸುವಾಗ ಮೂರು ಸಲ ತಪ್ಪಿತು. ಒಳಗೆ ನುಗ್ಗಿ, ಟ್ರಂಕುಗಳನ್ನು ಎಡವಿ, ಕಿಟಕಿಯಿಂದ ಸೊಂಟದವರೆಗೂ ಬಗ್ಗಿದರು. ನಾನು ಅವರ ಸೊಂಟ ಅಪ್ಪಿಕೊಂಡೆ, ಹಿಂದಿನಿಂದ ಬಂದ ಹುಣಸೂರು ನನ್ನ ಸೊಂಟ.

"ನನ್ನ ನೋಡು. ಕೆಳಗೆ ನೋಡ್ಬೇಡ, ನನ್ನ ಮುಖ ನೋಡು ಮಗಾ. ಕೈ ಕೊಡು. ಆ ಕೈಯಲ್ಲ, ಈ ಕಡೇದು. ಹಾಂ."

ಅವರ ಕೈ ಅವಳ ಮಣಿಕಟ್ಟು ಹಿಡಿಯಿತು. ನಾನು ಅವರ ಭುಜದ ಮೇಲಿನಿಂದ ನೋಡುತ್ತಿದ್ದೆ. ಕಿಟಕಿ, ಬಗ್ಗಿದ ಮೈ, ಮಣಿಕಟ್ಟು, ಒದ್ದೆ ಕೆನ್ನೆ. ಆ ದೃಶ್ಯದ ಮೊದಲ ಚಿತ್ರ! ಇಲ್ಲಿಂದಲ್ಲವೇ ಅವಳು ಹೊರಡಬೇಕು? ಇದು ಕೊನೆಗೆ ಹೇಗೆ ಬಂತು?

ಎಳೆದರು. ಬನ್ನೂರು ಕಿಟಕಿಯ ಮೇಲೆ ಹೊಟ್ಟೆ ಉಜ್ಜಿಕೊಂಡು ಒಳಗೆ ಬಿದ್ದಳು. ಮೇಡಂ ಅವಳ ಕೆನ್ನೆಗೆ ಒಂದು ಬಾರಿಸಿದರು. ಅದೇ ಕೈಯಿಂದ ಅವಳ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡು, ಯಾರದೋ ಟ್ರಂಕಿನ ಮೇಲೆ ಕುಸಿದು ಏದುಸಿರು ಬಿಟ್ಟರು.

"ಯಾಕೇ? ಯಾಕೇ ಹೋದೆ?"

ಬನ್ನೂರಿನ ಕಣ್ಣು ಬುಟ್ಟಿಯ ಕಡೆ ಹೋಯಿತು. ಮೇಡಂ ಎದ್ದು ಪುಸ್ತಕ ತೆಗೆದರು. ಪುಟಗಳ ನಡುವಿನಿಂದ ಬಿಳಿ ಕಾಗದದ ಮೂಲೆ ಇಣುಕುತ್ತಿತ್ತು. ಅದನ್ನು ಎಳೆದು ಮಡಿಕೆ ಬಿಚ್ಚಿದರು. ಅವರ ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು. ರೋಲ್ ನಂಬರಿನವರೆಗೂ ಓದಿದರೆಂಬುದರಲ್ಲಿ ಅನುಮಾನವಿಲ್ಲ, ಏಕೆಂದರೆ ಅಲ್ಲಿ ಅವರ ತುಟಿಯ ಕೊನೆ ಒಂದು ಚೂರು ನಡುಗಿತು. ಮತ್ತೆ ಮಡಿಸಿ, ಹೆಬ್ಬೆರಳಿನಿಂದ ಪುಸ್ತಕದೊಳಕ್ಕೆ ತಳ್ಳಿದರು.

"ಈ ಪುಸ್ತಕ ಯಾವ ಭಾಷೇದೋ ನಂಗೆ ಗೊತ್ತಾಗ್ಲಿಲ್ಲ. ಒಂದಕ್ಷರ ಓದಕ್ಕೆ ಬರ್ಲಿಲ್ಲ. ಓದಕ್ಕೆ ಬರದೆ ಇರೋದನ್ನ ಕಮಿಟಿಗೆ ಏನಂತ ತೋರಿಸ್ಲಿ?" ಎಂದು ಬನ್ನೂರಿನ ಮಡಿಲಿಗೆ ಹಾಕಿದರು.

ಅಷ್ಟರಲ್ಲಿ ಕೆಳಗೆ ಗದ್ದಲ. ಜಪಾನ್ ಅಕ್ಕ ಬರಿಗಾಲಿನಲ್ಲಿ ಓಡಿಬಂದಿದ್ದಳು. ಹಾಸ್ಟೆಲಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಮೇಡಂ ಸೆರಗು ಸರಿಮಾಡಿಕೊಂಡು, ಮನೆಗೆ ಬಂದವರಿಗೆ ಹೇಳುವುದನ್ನೇ ಹೇಳಿದರು: "ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ."

ಅಕ್ಕ ಮೇಡಂ ಮುಖ ನೋಡಿದಳು, ಬನ್ನೂರಿನ ಮುಖ ನೋಡಿದಳು. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಊಟದ ಮನೆಯಲ್ಲಿ ಐದೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು; ಬನ್ನೂರು ಮಾತ್ರ ನಗುತ್ತಲೇ ಅಳುತ್ತಿದ್ದಳು.

ಕಾಫಿ ಕುಡಿಯುವಾಗ ಅಕ್ಕ ಪುಸ್ತಕ ಎತ್ತಿಕೊಂಡು ನನ್ನ ಪೆನ್ಸಿಲ್ ಬರಹ ನೋಡಿದಳು. ಸಜ್ಜಾದ ಪುಟ ಬಂದಾಗ ಹುಡುಗನ ಗುಳ್ಳೆಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದಳು. ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದೆ. ಅವಳು ಅಲ್ಲವೆಂದು ತಲೆಯಾಡಿಸಿ ಇಂಗ್ಲಿಷಿನಲ್ಲೇ ವಿವರಿಸಿದಳು. ಅವನು ಕೂಗುತ್ತಿರುವುದು "ನಿಲ್ಲು, ಅಲ್ಲಾಡಬೇಡ" ಎಂದು. ಇವು ಹೂವಲ್ಲವೇ ಎಂದು ಎಸಳುಗಳ ಮೇಲೆ ಬೆರಳಿಟ್ಟೆ. ಅವಳು ಬನ್ನೂರಿನ ಲಂಗಕ್ಕೆ ಅಂಟಿದ್ದ ಗಾರೆಯ ಚೂರೊಂದನ್ನು ಬಿಡಿಸಿ ಆ ಚಿತ್ರದ ಮೇಲೆ ಇಟ್ಟಳು. ಮರದಡಿಯವು ಹೂವು, ಇವು ಇದು.

ಆಮೇಲೆ ಪುಸ್ತಕ ಮುಚ್ಚಿ, ಮಗುಚಿ, ನಾವು ಕೊನೆಯೆಂದುಕೊಂಡಿದ್ದ ಕಡೆಯಿಂದ ತೆರೆದಳು. ಜಪಾನಿನವರು ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಪುಟಗಳನ್ನೂ ಹಾಗೆಯೇ, ಪುಟದೊಳಗಿನ ಚಿತ್ರಗಳನ್ನೂ ಹಾಗೆಯೇ. ಹುಡುಗಿ ತನ್ನ ಕಿಟಕಿಯಿಂದ ಹೊರಗೆ ಕಾಲಿಟ್ಟು, ನಡೆದು, ಸಜ್ಜಾ ಒಡೆದು, ಜೋತುಬಿದ್ದು, ಅವನ ಕೈಗೆ ಸಿಕ್ಕಿ ಉಳಿದಿದ್ದಳು. ಎಚ್ಚರಿಕೆಯ ಪುಟವನ್ನು ನಾನು ಧೈರ್ಯದ ಪುಟವನ್ನಾಗಿ ಮಾಡಿ ಹಾಸ್ಟೆಲಿಗೆಲ್ಲ ಓದಿಸಿದ್ದೆ.

"ಅಂಗಾದ್ರೆ ಗೇಟು?" ಬನ್ನೂರು ತಟ್ಟನೆ ಎದ್ದು ಕೂತಳು. "ಗೇಟಿನ ಅತ್ರ ಸೂಟ್‌ಕೇಸ್ ಇಡ್ಕೊಂಡಿರೋದು?"

ಅದು ಮೊದಲ ಪುಟ. ಹಾಸ್ಟೆಲಿಗೆ ಸೇರುವ ದಿನ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇ ಅಂದು.

ನಾಲ್ಕು ಗಂಟೆಗೆ ಕಮಿಟಿಯ ನಾಲ್ವರು ಹೆಂಗಸರು ಬಂದಾಗ ಮೊದಲು ಕಂಡದ್ದು ಒಗೆಯುವ ಕಲ್ಲಿನ ಮೇಲಿನ ಸಿಮೆಂಟು ಪುಡಿ.

"ಕೋತಿ" ಎಂದರು ಮೇಡಂ. "ಕೋತಿ ಕಾಟ ಜಾಸ್ತಿಯಾಗ್ಬಿಟ್ಟಿದೆ ಕಣ್ರೀ. ಹಾರಿದ ಏಟಿಗೆ ಮುರಿದೇಹೋಯ್ತು."

"ಅಷ್ಟು ದೊಡ್ಡ ಕೋತಿನಾ?"

"ಸುಮಾರು ದೊಡ್ಡದೇ" ಎಂದು ಮೇಡಂ ಬನ್ನೂರಿನ ಕಡೆ ನೋಡದೆ ಹೇಳಿದರು. "ಕಿಟಕಿಗೆಲ್ಲ ಕಂಬಿ ಹಾಕಿಸ್ಕೊಡಿ. ಇಲ್ದಿದ್ರೆ ನಾನು ಈ ಮಕ್ಕಳನ್ನ ಇಟ್ಕೊಳ್ಳಲ್ಲ." ಅವರು ಕಮಿಟಿಯೊಂದಿಗೆ ದನಿ ಎತ್ತಿ ಮಾತಾಡಿದ್ದನ್ನು ನಾವು ಆವರೆಗೆ ಕೇಳಿರಲಿಲ್ಲ. ಆ ವಾರವೇ ಕಂಬಿ ಬಂತು. ಬನ್ನೂರಿಗೆ ಹೆಸರು ಬದಲಾಯಿತು. ಓದು ಮುಗಿಯುವವರೆಗೂ ಅವಳು ಕೋತಿ.

ಅಂದು ಸಂಜೆ ಅವಳು ನನ್ನ ಪೆನ್ಸಿಲ್ ಕೇಳಿದಳು. ಅದೇ ನಮೂನೆಯಲ್ಲಿ ಬರೆದಳು: ಇವರಿಂದ, ಇವರಿಗೆ. "ವಿಷಯ: ತಮ್ಮ ಅರ್ಜಿಯ ಬಗ್ಗೆ. ಅರ್ಜಿ ಪರಿಶೀಲಿಸಲಾಗಿದೆ. ಮಾತನಾಡಬಹುದು." ಕಾಗದದ ಮೇಲೆ ಅಕ್ಷರಗಳು ಕುಣಿದಿದ್ದವು.

ಮದುವೆಯಾದರಾ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಇಲ್ಲ. ಆ ವರ್ಷ ಮುಗಿಯುವವರೆಗೆ ಬಸ್ ಸ್ಟಾಪಿಗೆ ಒಟ್ಟಿಗೆ ನಡೆದರು, ಮಾತಾಡಿದರು, ಆಮೇಲೆ ಬೇರೆ ಬೇರೆ ಊರು. ಅವಳೀಗ ಕುಂಬಾರಕೊಪ್ಪಲಿನಲ್ಲಿದ್ದಾಳೆ, ಶಾಲೆಯೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಮೊನ್ನೆ ಸಜ್ಜಾದ ಆಳನ್ನು ಕೂರಿಸಿದ ಸುದ್ದಿಯನ್ನು ಫೋನ್ ಮಾಡಿ ಹೇಳಿದೆ.

"ಕಾಫಿ ಕೊಟ್ಯಾ ಅವ್ನಿಗೆ?" ಎಂದಳು.

"ಕೊಟ್ಟೆ ಕಣೆ."

"ಮತ್ತೆ ಬುಡು. ಇನ್ನೂ ಯಾಕೆ ಅದನ್ನೇ ನೆನೆಸ್ಕೊಂಡು ಒದ್ದಾಡ್ತೀಯ? ಬಿದ್ದವಳು ನಾನಲ್ವಾ? ಬಿದ್ದೂ ಇಲ್ಲ."

ಬಿಡಲು ಆಗುವುದಿಲ್ಲ. ಆದರೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಆ ಮಧ್ಯಾಹ್ನ ಕಣ್ಣೆದುರು ಬಂದಾಗಲೆಲ್ಲ ಅದನ್ನು ನಮ್ಮ ಹಳೆಯ ತಪ್ಪಿನ ಹಾಗೆಯೇ ಓದುತ್ತೇನೆ, ಎಡದಿಂದ, ಕೊನೆಯಿಂದ ಮೊದಲಿಗೆ. ಮೇಡಂ ಅವಳ ಮಣಿಕಟ್ಟು ಹಿಡಿದು ನಿಧಾನವಾಗಿ ಸಜ್ಜಾಕ್ಕೆ ಇಳಿಸುತ್ತಾರೆ. ಒಗೆಯುವ 
ಕಲ್ಲಿನಿಂದ ಸಿಮೆಂಟು ತುಂಡು ಮೇಲೆದ್ದು ತನ್ನ ಜಾಗದಲ್ಲಿ ಕೂರುತ್ತದೆ. ಬಿಳಿಯ ಚೂರುಗಳು ಗಾಳಿಯಿಂದ ಬಂದು ಅವಳ ಪಾದದಡಿ ಅಂಟಿಕೊಳ್ಳುತ್ತವೆ. ಅವಳು ಎದ್ದು ನಿಲ್ಲುತ್ತಾಳೆ, ಹಲ್ಲು ಕಿರಿಯುತ್ತಾಳೆ, ಹನ್ನೆರಡು ಹೆಜ್ಜೆ ಹಿಂದಕ್ಕೆ ನಡೆದು ನಮ್ಮ ಕಿಟಕಿಗೆ ಬರುತ್ತಾಳೆ. ನಾನು ಕೈ ಚಾಚಿ ಅವಳನ್ನು ಒಳಗೆ ಎಳೆದುಕೊಳ್ಳುತ್ತೇನೆ.